ಓದುಗರ ಪ್ರಶ್ನೆ, ತಾಂತ್ರಿಕ ಉತ್ತರ: ಗಾಳಿ ಬೇರಿಂಗ್‌ನಲ್ಲಿ ಶಾಫ್ಟ್ ನಡುಗುವುದೇಕೆ?

ಪ್ರಶ್ನೆ: ನಮ್ಮದು ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಗ್ರೈಂಡಿಂಗ್ ಘಟಕ. ರಂಧ್ರಗಳ ಒಳಮೈ ಉಜ್ಜುವ ನಮ್ಮ ಸ್ಪಿಂಡಲ್ (ಗ್ರೈಂಡಿಂಗ್ ಚಕ್ರವನ್ನು ತಿರುಗಿಸುವ ಶಾಫ್ಟ್‌ನ ಘಟಕ) ಗಾಳಿ ಬೇರಿಂಗ್‌ಗಳ ಮೇಲೆ, ಅಂದರೆ ಒತ್ತಡದ ಗಾಳಿಯ ತೆಳು ಪದರದ ಮೇಲೆ ತೇಲುತ್ತ, ತಿರುಗುತ್ತದೆ. ನಿಮಿಷಕ್ಕೆ 60,000 ಸುತ್ತುಗಳಿಗೆಂದು ತಯಾರಾದದ್ದು. ರಿಪೇರಿಗೆ ಹೋಗಿ ಬಂದ ಮೇಲೆ 45,000 ಸುತ್ತಿನವರೆಗೆ ಸದ್ದಿಲ್ಲದೆ ಓಡುತ್ತದೆ, 48,000 ಮುಟ್ಟುತ್ತಿದ್ದಂತೆ ಒಮ್ಮೆಗೇ ಕೂಗತೊಡಗುತ್ತದೆ, ಉಜ್ಜಿದ ಮೈಮೇಲೆ ಅಲೆಯಂತಹ ಗೆರೆಗಳು ಬೀಳುತ್ತವೆ. ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿದರೂ ಫಲ ಸಿಗಲಿಲ್ಲ. ಆ ವೇಗದಲ್ಲಿ ಕಂಪನ ಅಳೆದವರು 800 ಹರ್ಟ್ಸ್ ಬಳಿ ಒಂದು ಚಿಕ್ಕ ಶಿಖರವನ್ನೂ 400 ಹರ್ಟ್ಸ್ ಬಳಿ ಅದಕ್ಕಿಂತ ಬಹಳ ದೊಡ್ಡದನ್ನೂ ತೋರಿಸಿದರು. "ಅದು ಕ್ರಿಟಿಕಲ್ ಸ್ಪೀಡ್, ನಿಲ್ಲಿಸದೆ ಬೇಗ ದಾಟಿಸಿಬಿಡಿ" ಎಂದು ಪರಿಚಿತರೊಬ್ಬರು ಹೇಳುತ್ತಾರೆ. ದಾಟಿಸಬಹುದೇ?
— ಘಟಕವೊಂದರ ಮಾಲೀಕರು, ತುಮಕೂರು

ಉತ್ತರ: ದಯವಿಟ್ಟು ದಾಟಿಸಬೇಡಿ. ನಿಮ್ಮ ಪರಿಚಿತರು ಹೇಳಿದ ಕ್ರಿಟಿಕಲ್ ಸ್ಪೀಡ್ ಬೇರೆಯೇ ಸಂಗತಿ. ಶಾಫ್ಟ್‌ನ ತೂಕ ಒಂದು ಕಡೆಗೆ ಎಳ್ಳಷ್ಟು ಹೆಚ್ಚಿದ್ದರೆ ಅದು ಸುತ್ತಿಗೊಮ್ಮೆ ಬೇರಿಂಗನ್ನು ತಳ್ಳುತ್ತದೆ; ಆದ್ದರಿಂದ ಅಂತಹ ಕಂಪನದ ಆವರ್ತನ ಯಾವಾಗಲೂ ತಿರುಗುವ ವೇಗಕ್ಕೆ ಸಮನಾಗಿರುತ್ತದೆ. ತಿರುಗುವ ವೇಗ ಶಾಫ್ಟ್‌ನ ಸಹಜ ಆವರ್ತನಕ್ಕೆ (ತಟ್ಟಿ ಬಿಟ್ಟಾಗ ತಾನಾಗಿ ಕಂಪಿಸುವ ಆವರ್ತನಕ್ಕೆ) ಹೊಂದಿದಾಗ ಕಂಪನ ಏರುತ್ತದೆ, ವೇಗ ಮುಂದೆ ಸಾಗಿದರೆ ಇಳಿಯುತ್ತದೆ. ಹೀಗಾಗಿ ಅದನ್ನು ದಾಟುವುದು ದಿನನಿತ್ಯದ ಕೆಲಸ. ನಿಮ್ಮಲ್ಲಿ 48,000 ಸುತ್ತು ಎಂದರೆ ಸೆಕೆಂಡಿಗೆ 800 ಸುತ್ತು. ತೂಕದ ದೋಷವಾಗಿದ್ದರೆ ದೊಡ್ಡ ಶಿಖರ 800ರಲ್ಲಿ ಕಾಣಬೇಕಿತ್ತು. ಅದು ಅಲ್ಲಿ ಚಿಕ್ಕದಾಗಿಯೇ ಇದೆ, ಅಂದರೆ ಬ್ಯಾಲೆನ್ಸಿಂಗ್ ಮಾಡಿದವರ ಕೆಲಸದಲ್ಲಿ ಕೊರತೆಯಿಲ್ಲ. ಸರಿಯಾಗಿ ಅರ್ಧ ಆವರ್ತನದಲ್ಲಿ ಎದ್ದಿರುವ ಶಿಖರವು ಹಾಫ್ ಸ್ಪೀಡ್ ವರ್ಲ್ ಎಂದು ಕರೆಯುವ ಅಸ್ಥಿರತೆಯ ಗುರುತು. ಇಲ್ಲಿ ಶಾಫ್ಟ್ ತನ್ನ ಅಕ್ಷದ ಸುತ್ತ ತಿರುಗುವುದರ ಜೊತೆಗೆ, ಅದರ ಕೇಂದ್ರವೇ ಬುಶ್‌ನೊಳಗೆ (ಶಾಫ್ಟನ್ನು ಸುತ್ತುವರಿದ ಬೇರಿಂಗ್ ಕೊಳವೆಯೊಳಗೆ) ಒಂದು ಪುಟ್ಟ ವೃತ್ತದಲ್ಲಿ ಸುತ್ತತೊಡಗುತ್ತದೆ; ಈ ಸುತ್ತಾಟವೇ ಸುಳಿ. ಅದು ಶುರುವಾಗುವ ವೇಗವನ್ನು, ಅಂದರೆ ಹೊಸ್ತಿಲನ್ನು, ದಾಟಿದ ಮೇಲೆ ವೇಗ ಹೆಚ್ಚಿಸಿದಷ್ಟೂ ಈ ಸುಳಿಗೆ ಶಕ್ತಿ ಹೆಚ್ಚು ಸಿಗುತ್ತದೆ. ಆಚೆ ಬದಿಯಲ್ಲಿ ಶಾಂತ ವಲಯವೊಂದು ಕಾದಿರುತ್ತದೆಂದು ನಂಬುವಂತಿಲ್ಲ. ಶಾಫ್ಟ್‌ಗೂ ಬುಶ್‌ಗೂ ನಡುವಿನ ಸಂದು ಹತ್ತಿಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಮಾತ್ರ ಇರುವುದರಿಂದ ವೃತ್ತ ಹಿಗ್ಗಿ ಲೋಹಕ್ಕೆ ಲೋಹ ತಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ತಾಗಿದರೆ ಬುಶ್ ಮತ್ತು ಶಾಫ್ಟ್ ಎರಡೂ ಹಾಳಾಗುತ್ತವೆ.

ಈ ಸುಳಿಗೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಪರಿಹಾರಗಳೆಲ್ಲ ಅದರಿಂದಲೇ ಹೊರಡುತ್ತವೆ. ಶಾಫ್ಟ್‌ಗೆ ಅಂಟಿಕೊಂಡ ಗಾಳಿ ಶಾಫ್ಟ್‌ನ ವೇಗದಲ್ಲೇ ಓಡುತ್ತದೆ. ಬುಶ್‌ನ ಗೋಡೆಗೆ ಅಂಟಿಕೊಂಡದ್ದು ನಿಂತಲ್ಲೇ ಇರುತ್ತದೆ. ನಡುವಿನ ಪದರ ಸರಾಸರಿ ಅರ್ಧ ವೇಗದಲ್ಲಿ ಸುತ್ತುತ್ತದೆ. ಶಾಫ್ಟ್ ಯಾವುದೋ ಕಾರಣಕ್ಕೆ ನಡುವಿನಿಂದ ಕೊಂಚ ಸರಿದರೆ ಸಂದು ಒಂದು ಕಡೆ ಕಿರಿದಾಗಿ ಎದುರು ಕಡೆ ಅಗಲವಾಗುತ್ತದೆ. ಕಿರಿದಾಗುತ್ತ ಹೋಗುವ ಭಾಗಕ್ಕೆ ನುಗ್ಗುವ ಗಾಳಿಯಲ್ಲಿ ಒತ್ತಡ ಏರುತ್ತದೆ, ಆದರೆ ಆ ಏರಿಕೆಯ ತುದಿ ಅತಿ ಕಿರಿದಾದ ಜಾಗದಲ್ಲಿ ಇರದೆ ಅದಕ್ಕೆ ತುಸು ಮೊದಲೇ ಇರುತ್ತದೆ. ಆದಕಾರಣ ಪದರವು ಶಾಫ್ಟನ್ನು ನೇರವಾಗಿ ಕೇಂದ್ರದ ಕಡೆಗೆ ತಳ್ಳದೆ ಓರೆಯಾಗಿ ತಳ್ಳುತ್ತದೆ: ಆ ಬಲದ ಒಂದು ಪಾಲು ಶಾಫ್ಟನ್ನು ನಡುವಿಗೆ ತರುತ್ತದೆ, ಇನ್ನೊಂದು ಪಾಲು ತಿರುಗುವ ದಿಕ್ಕಿನಲ್ಲಿಯೇ ಪಕ್ಕಕ್ಕೆ ನೂಕಿ ಅದನ್ನು ವೃತ್ತದಲ್ಲಿ ನಡೆಸುತ್ತದೆ. ಇದಕ್ಕೆ ಎದುರಾಗಿ ನಿಲ್ಲುವುದು ಪದರವನ್ನು ಹಿಂಡುವಾಗ ಹುಟ್ಟುವ, ಕಂಪನವನ್ನು ತಗ್ಗಿಸುವ ಶಮನಬಲ ಒಂದೇ. ಪಕ್ಕಕ್ಕೆ ನೂಕುವ ಬಲ ತಿರುಗುವ ವೇಗದ ಅರ್ಧಕ್ಕೆ ಅನುಪಾತದಲ್ಲಿರುತ್ತದೆ, ಶಮನಬಲ ಸುಳಿಯ ವೇಗಕ್ಕೆ ಅನುಪಾತದಲ್ಲಿರುತ್ತದೆ, ಮತ್ತು ಎರಡಕ್ಕೂ ಗುಣಾಂಕ ಹೆಚ್ಚುಕಡಿಮೆ ಒಂದೇ. ಸುಳಿಯು ಶಾಫ್ಟ್‌ನ ಸಹಜ ಆವರ್ತನದಲ್ಲಿ ನಡೆಯುವುದರಿಂದ, ತಿರುಗುವ ವೇಗದ ಅರ್ಧವು ಆ ಸಹಜ ಆವರ್ತನವನ್ನು ಮೀರಿದ ಕ್ಷಣದಿಂದ ನೂಕುವ ಬಲವೇ ಗೆಲ್ಲುತ್ತದೆ. ಅಸ್ಥಿರತೆಯ ಹೊಸ್ತಿಲು ಸಹಜ ಆವರ್ತನದ ಸುಮಾರು ಎರಡರಷ್ಟು ಎಂಬ ಪ್ರಸಿದ್ಧ ಲೆಕ್ಕ ಬಂದದ್ದು ಹೀಗೆ. ಗಾಳಿ ಕುಗ್ಗುವ ವಸ್ತುವಾದ್ದರಿಂದ ಈ ಅನುಪಾತ ಎಲ್ಲ ಕಡೆಯೂ ನಿಖರವಾಗಿ ಅರ್ಧವೇ ಇರಬೇಕೆಂದಿಲ್ಲ. ನಿಮ್ಮಲ್ಲಿ ಅದು ಪಾಠಪುಸ್ತಕದಲ್ಲಿ ಇರುವಷ್ಟೇ ಅಚ್ಚುಕಟ್ಟಾಗಿ ಕಾಣಿಸಿಕೊಂಡಿದೆ.

ಇದೇ ದೋಷ ಎಣ್ಣೆಯ ಬೇರಿಂಗ್‌ಗಳಲ್ಲಿಯೂ ಉಂಟು. ಸಂಶೋಧಕರಾದ ನ್ಯೂಕರ್ಕ್ ಮತ್ತು ಟೇಲರ್ ಅದನ್ನು 1925ರಲ್ಲಿಯೇ ವಿವರಿಸಿದ್ದರು. ಗಾಳಿಯಲ್ಲಿ ಅದು ಹೆಚ್ಚು ಕಾಡಲು ಕಾರಣಗಳಿವೆ. ಸಾಮಾನ್ಯ ಉಷ್ಣತೆಯಲ್ಲಿ ಗಾಳಿಯ ಸ್ನಿಗ್ಧತೆ ತೆಳುವಾದ ಸ್ಪಿಂಡಲ್ ಎಣ್ಣೆಯ ಸ್ನಿಗ್ಧತೆಯ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿದೆ; ಘರ್ಷಣೆ ಕಡಿಮೆ ಎಂದು ನಾವು ಮೆಚ್ಚುವ ಈ ಗುಣವೇ ಶಮನವನ್ನೂ ಕಡಿಮೆ ಮಾಡುತ್ತದೆ. ಅಲ್ಲದೆ ಎಣ್ಣೆಯ ಪದರ ಅಗಲವಾಗುವ ಭಾಗದಲ್ಲಿ ಒಡೆದುಹೋಗುತ್ತದೆ, ಗಾಳಿಯ ಪದರ ಒಡೆಯದೆ ಸುತ್ತಲೂ ತುಂಬಿಕೊಂಡೇ ಇರುವುದರಿಂದ ಅಲ್ಲಿ ಒತ್ತಡ ಹೊರಗಿನ ವಾಯುಮಂಡಲಕ್ಕಿಂತ ಕೆಳಗಿಳಿದು ಪಕ್ಕದ ನೂಕುಬಲಕ್ಕೆ ತಾನೂ ಸೇರಿಕೊಳ್ಳುತ್ತದೆ. ಮೂರನೆಯದಾಗಿ, ಗಾಳಿ ಬೇರಿಂಗ್‌ಗಳ ಮೇಲೆ ಕೂರುವ ಶಾಫ್ಟ್‌ಗಳು ಹಗುರ. ಭಾರ ಹೆಚ್ಚಿದ್ದರೆ ಶಾಫ್ಟ್ ಒಂದು ಕಡೆಗೆ ಒರಗಿ ಸ್ಥಿರವಾಗಿರುತ್ತದೆ. ಹಗುರವಾದದ್ದು ನಡುವಿನಲ್ಲೇ ತೇಲುತ್ತ ಸುಳಿಗೆ ಸುಲಭವಾಗಿ ಒಳಗಾಗುತ್ತದೆ. ಲಂಬವಾಗಿ ನಿಂತ ಸ್ಪಿಂಡಲ್‌ಗಳು ಅಡ್ಡ ಮಲಗಿದವುಗಳಿಗಿಂತ ಹೆಚ್ಚು ತಂಟೆ ಕೊಡುವುದೂ ಇದರಿಂದಲೇ.

ಈಗ ನಿಮ್ಮ ಸ್ಪಿಂಡಲ್. ರಿಪೇರಿಗೆ ಮುಂಚೆ 60,000ದಲ್ಲಿ ಓಡುತ್ತಿದ್ದುದಾದರೆ ಆಗ ಅದರ ಹೊಸ್ತಿಲು ಅದಕ್ಕಿಂತ ಮೇಲಿತ್ತು. ರಿಪೇರಿಯಲ್ಲಿ ಯಾವುದೋ ಒಂದು ಬದಲಾಗಿ ಹೊಸ್ತಿಲು ಕೆಳಗಿಳಿದಿದೆ. ನನ್ನ ಮೊದಲ ಅನುಮಾನ ಓ-ರಿಂಗ್‌ಗಳ ಮೇಲೆ. ಇಂತಹ ಅನೇಕ ಸ್ಪಿಂಡಲ್‌ಗಳಲ್ಲಿ ಬುಶ್ ನೇರವಾಗಿ ಕವಚಕ್ಕೆ ಬಿಗಿದಿರುವುದಿಲ್ಲ, ರಬ್ಬರ್ ಓ-ರಿಂಗ್‌ಗಳ ಮೇಲೆ ಕೂತಿರುತ್ತದೆ. ಅವು ಗಾಳಿ ಸೋರದಂತೆ ತಡೆಯುವುದಕ್ಕೆ ಮಾತ್ರ ಇವೆಯೆಂದು ತಿಳಿದು ಕೈಗೆ ಸಿಕ್ಕ ಅಳತೆಯದನ್ನು ಹಾಕುವುದುಂಟು. ನಿಜದಲ್ಲಿ, ಗಾಳಿಯ ಪದರ ಕೊಡಲಾರದ ಶಮನವನ್ನು ಕೊಡುವುದು ಆ ರಬ್ಬರೇ: ಶಾಫ್ಟ್ ನಡುಗಿದಾಗ ಬುಶ್ ಕೂಡ ಕೊಂಚ ಅಲುಗಿ, ರಬ್ಬರ್ ಹಿಂಡಿಕೊಂಡು ಕಂಪನದ ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ. ರಬ್ಬರ್ ತೀರಾ ಗಟ್ಟಿಯಾಗಿದ್ದರೆ ಬುಶ್ ಅಲುಗುವುದಿಲ್ಲ, ಶಮನವೂ ದೊರೆಯುವುದಿಲ್ಲ. ತೀರಾ ಮೆತ್ತಗಿದ್ದರೆ ಸ್ಪಿಂಡಲ್‌ನ ಬಿಗಿತ ಹೋಗಿ ಗ್ರೈಂಡಿಂಗ್‌ನ ನಿಖರತೆ ಕೆಡುತ್ತದೆ. ನೈಟ್ರೈಲ್ ರಬ್ಬರ್ ಮತ್ತು ವೈಟಾನ್ ಅಳತೆಯಲ್ಲಿ ಒಂದೇ ಇದ್ದರೂ ಶಮನದಲ್ಲಿ ಒಂದೇ ಅಲ್ಲ, ಒಂದೇ ಜಾತಿಯ ರಬ್ಬರಿನಲ್ಲಿಯೂ ಶೋರ್ ಮಾಪಕದಲ್ಲಿ ಗಡಸುತನ 70 ಇರುವುದಕ್ಕೂ 90 ಇರುವುದಕ್ಕೂ ಬಹಳ ಅಂತರವಿದೆ. ಯಾವ ರಬ್ಬರ್, ಎಷ್ಟು ಗಡಸು, ತೋಡಿನಲ್ಲಿ ಎಷ್ಟು ಹಿಂಡಿಕೊಂಡು ಕೂತಿದೆ ಎಂಬ ಮೂರನ್ನೂ ರಿಪೇರಿ ಮಾಡಿದವರಿಂದ ಕೇಳಿ ಪಡೆದು, ಸ್ಪಿಂಡಲ್ ತಯಾರಕರ ಪಟ್ಟಿಯೊಂದಿಗೆ ಹೋಲಿಸಿ.

ಎರಡನೆಯ ಅನುಮಾನ ಕ್ಲಿಯರೆನ್ಸ್, ಅಂದರೆ ಸಂದಿನ ಅಳತೆ. ಗೀರು ಬಿದ್ದ ಬುಶ್‌ನ ಒಳಮೈಯನ್ನು ಲ್ಯಾಪಿಂಗ್ ಮಾಡಿ ಸವೆಸಿದ್ದರೆ ಸಂದು ಹೆಚ್ಚಿರುತ್ತದೆ. ಸಂದು ಹೆಚ್ಚಿದಂತೆ ಪದರದ ಬಿಗಿತ ಕುಗ್ಗುತ್ತದೆ. ಶಮನವಂತೂ ಸಂದಿನ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ, ಅಂದರೆ 15 ಮೈಕ್ರಾನ್ ಸಂದು 20 ಆದರೆ ಶಮನ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ. ಹಾಗೆಂದು ಸಂದನ್ನು ಮನಬಂದಷ್ಟು ಕಿರಿದುಗೊಳಿಸಲೂ ಆಗದು. ಉಕ್ಕಿನ ಶಾಫ್ಟ್‌ನ ವ್ಯಾಸ 40 ಮಿಲಿಮೀಟರ್ ಇದ್ದು, ಬುಶ್‌ಗಿಂತ 20 ಡಿಗ್ರಿ ಹೆಚ್ಚು ಬಿಸಿಯಾದರೆ ವ್ಯಾಸ ಸುಮಾರು 9 ಮೈಕ್ರಾನ್ ಹಿಗ್ಗುತ್ತದೆ. ವ್ಯಾಸದ ಮೇಲೆ ಒಟ್ಟು 30 ಮೈಕ್ರಾನ್ (ಪ್ರತಿ ಬದಿಗೆ 15) ಬಿಟ್ಟಿದ್ದರೆ ಅದರಲ್ಲಿ ಮೂರನೆಯ ಒಂದು ಪಾಲು ಶಾಖಕ್ಕೇ ಹೋಯಿತು. ಮೂರನೆಯದನ್ನು ನೀವೇ ಪರಿಶೀಲಿಸಬಹುದು: ಗ್ರೈಂಡಿಂಗ್ ಚಕ್ರ ಕೂರುವ ಆರ್ಬರ್ ಮೊದಲಿಗಿಂತ ಉದ್ದವಾಗಿದೆಯೇ, ಭಾರವಾಗಿದೆಯೇ? ಮುಂಚಾಚಿದ ಭಾರ ಹೆಚ್ಚಾದರೆ ಸಹಜ ಆವರ್ತನ ಇಳಿಯುತ್ತದೆ, ಹೊಸ್ತಿಲೂ ಅದರೊಂದಿಗೆ ಇಳಿಯುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣವೇ ಬೇಕೆಂದಿಲ್ಲ. ಈ ಆವರ್ತನಗಳು ಕಿವಿಗೆ ಕೇಳುವಂಥವು. ಮೊಬೈಲ್‌ನ ಮೈಕ್ ಬಳಸಿ ಧ್ವನಿಯ ಸ್ಪೆಕ್ಟ್ರಮ್ ತೋರಿಸುವ ಆಪ್‌ನಲ್ಲಿ 400 ಮತ್ತು 800 ಹರ್ಟ್ಸ್ ಬೇರೆಬೇರೆಯಾಗಿ ಚೆನ್ನಾಗಿ ಕಾಣುತ್ತವೆ. ಮೊಬೈಲ್‌ನೊಳಗಿನ ಅಲುಗಾಟದ ಸೆನ್ಸರ್ ಮಾತ್ರ ಇಷ್ಟು ವೇಗದ ಕಂಪನ ಅಳೆಯಲು ಸಾಲದು, ಅದನ್ನು ನಂಬಬೇಡಿ. ಕಾರಣ ಪತ್ತೆಯಾಗಿ ಸರಿಹೋಗುವವರೆಗೆ 45,000ಕ್ಕಿಂತ ಸಾಕಷ್ಟು ಕೆಳಗೆಯೇ ಓಡಿಸಿ. ಬ್ಯಾಲೆನ್ಸಿಂಗ್‌ಗೆ ಇನ್ನು ಹಣ ಹಾಕಬೇಡಿ.

ಪ್ರಶ್ನೆ: ಗಾಳಿ ಬೇರಿಂಗ್ ನಡುಗಿದರೆ ಕಂಪ್ರೆಸರ್ ಒತ್ತಡ ಏರಿಸಿ ಎಂದು ಒಬ್ಬರು, ಇಳಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
— ನಿರ್ವಹಣಾ ಸಿಬ್ಬಂದಿ, ಅಂತರಸನಹಳ್ಳಿ

ಉತ್ತರ: ಎರಡೂ ಸರಿ, ಕಾಯಿಲೆಗಳು ಬೇರೆ. ಮೊದಲು ಶಾಫ್ಟ್ ತಿರುಗಿಸದೆ ಗಾಳಿಯನ್ನು ಮಾತ್ರ ಬಿಟ್ಟು ಕೇಳಿ. ನಿಂತ ಶಾಫ್ಟ್ ಕೂಡ ಗುಂಯ್‌ಗುಟ್ಟಿ ಕಂಪಿಸುತ್ತಿದ್ದರೆ ಅದು ನ್ಯೂಮ್ಯಾಟಿಕ್ ಹ್ಯಾಮರ್ ಎಂಬ ದೋಷ. ಅದಕ್ಕೂ ತಿರುಗುವ ವೇಗಕ್ಕೂ ಸಂಬಂಧವಿಲ್ಲ. ತಿರುಗಿದಾಗ, ಅದೂ ಒಂದು ವೇಗ ದಾಟಿದ ಮೇಲಷ್ಟೇ ಬಂದರೆ ಅದು ಮೇಲಿನ ಉತ್ತರದಲ್ಲಿ ಹೇಳಿದ ಅರ್ಧವೇಗದ ಸುಳಿ.

ಹ್ಯಾಮರ್‌ನ ಬೇರು ಇರುವುದು ಗಾಳಿ ಬಂದು ಬೀಳುವ ಪಾಕೆಟ್‌ಗಳಲ್ಲಿ, ಅಂದರೆ ಬುಶ್‌ನ ಒಳಮೈಯ ಪುಟ್ಟ ಗುಳಿಗಳಲ್ಲಿ. ಶಾಫ್ಟ್ ಕೆಳಗಿಳಿದು ಸಂದು ಕಿರಿದಾದಾಗ ಒತ್ತಡ ಆ ಕೂಡಲೇ ಏರಿ ಅದನ್ನು ಮೇಲೆತ್ತಬೇಕು. ಪಾಕೆಟ್ ಆಳವಾಗಿದ್ದರೆ, ಸೂಕ್ಷ್ಮ ರಂಧ್ರದಿಂದ ಬರುವ ಗಾಳಿ ಅದನ್ನು ತುಂಬಿ ಒತ್ತಡ ಏರಿಸುವಷ್ಟರಲ್ಲಿ ಶಾಫ್ಟ್ ಆಗಲೇ ಮೇಲಕ್ಕೆ ಹೊರಟಿರುತ್ತದೆ. ಇಳಿಯುವಾಗ ತಡೆಯಬೇಕಿದ್ದ ಒತ್ತಡ ಏರುವಾಗ ನೂಕುತ್ತದೆ. ಜೋಕಾಲಿ ಹಿಂದಿರುಗುವ ಹೊತ್ತಿಗೆ ಸರಿಯಾಗಿ ಬೆನ್ನಿಗೆ ಕೈಯಿಟ್ಟು ತಳ್ಳಿದಂತೆ ಪ್ರತಿ ಆವರ್ತಕ್ಕೂ ಕಂಪನ ಬೆಳೆಯುತ್ತದೆ. ಪೂರೈಕೆಯ ಒತ್ತಡ ಹೆಚ್ಚಿದಷ್ಟೂ ಈ ನೂಕು ಬಲವಾಗುವುದರಿಂದ ಇಲ್ಲಿ ಒತ್ತಡ ಇಳಿಸಿದರೆ ಶಾಂತವಾಗುತ್ತದೆ. ಆದರೆ ಇಳಿಸಿದರೆ ಭಾರ ಹೊರುವ ಶಕ್ತಿಯೂ ಇಳಿಯುತ್ತದೆ, ಆದ್ದರಿಂದ ಅದು ತಾತ್ಕಾಲಿಕ ಉಪಾಯ ಮಾತ್ರ. ಸರಿಯಾದ ಪರಿಹಾರ ವಿನ್ಯಾಸದಲ್ಲಿದೆ: ಪಾಕೆಟ್‌ನ ಗಾತ್ರವನ್ನು ಸಂದಿನ ಗಾತ್ರಕ್ಕೆ ಹೋಲಿಸಿದರೆ ನಗಣ್ಯವೆನಿಸುವಷ್ಟು ಚಿಕ್ಕದಾಗಿಸುವುದು, ಅಥವಾ ಪಾಕೆಟ್ಟನ್ನೇ ಬಿಟ್ಟು ರಂಧ್ರ ನೇರವಾಗಿ ಸಂದಿಗೆ ತೆರೆಯುವಂತೆ ಮಾಡುವುದು, ಇಲ್ಲವೇ ರಂಧ್ರಗಳ ಬದಲು ಗಾಳಿ ಜಿನುಗುವ ಗ್ರಾಫೈಟ್ ಬಳಸುವುದು. ಗ್ರಾಫೈಟ್‌ಗೂ ಒಂದು ಎಚ್ಚರಿಕೆ ಬೇಕು, ಏಕೆಂದರೆ ಅದರ ಸೂಕ್ಷ್ಮ ರಂಧ್ರಗಳೇ ಸೇರಿ ಗಾಳಿ ಕೂಡಿಡುವ ಜಾಗವಾಗಬಲ್ಲವು. ಪಾಕೆಟ್ ದೊಡ್ಡದಿದ್ದರೆ ಭಾರ ಹೊರುವ ಶಕ್ತಿ ಹೆಚ್ಚುತ್ತದೆ ಎಂಬ ಲೆಕ್ಕದಿಂದ ಮರುತಯಾರಿಕೆಯಲ್ಲಿ ಅದನ್ನು ಕೊರೆದು ಆಳ ಮಾಡುವವರಿದ್ದಾರೆ. ಸ್ಥಿರ ಭಾರದ ಮಟ್ಟಿಗೆ ಅವರ ಲೆಕ್ಕ ತಪ್ಪಲ್ಲ, ಯಂತ್ರ ಮಾತ್ರ ಕೂಗುತ್ತದೆ.

ಅರ್ಧವೇಗದ ಸುಳಿಗೆ ಒತ್ತಡ ಏರಿಸುವುದು ಉಪಕಾರಿ, ಏಕೆಂದರೆ ಪದರದ ಬಿಗಿತ ಹೆಚ್ಚಿ ಸಹಜ ಆವರ್ತನ ಏರುತ್ತದೆ. ಎಷ್ಟು ಏರುತ್ತದೆಂದು ಅಂದಾಜು ಮಾಡೋಣ. ಬಿಗಿತ ಹೆಚ್ಚುಕಡಿಮೆ ಗೇಜ್ ಒತ್ತಡದ (ವಾಯುಮಂಡಲಕ್ಕಿಂತ ಮೇಲಿನ ಒತ್ತಡದ) ಅನುಪಾತದಲ್ಲಿ ಬೆಳೆಯುತ್ತದೆ, ಸಹಜ ಆವರ್ತನ ಬಿಗಿತದ ವರ್ಗಮೂಲದಂತೆ ಬೆಳೆಯುತ್ತದೆ. ಒತ್ತಡವನ್ನು 4 ಬಾರ್‌ನಿಂದ 6 ಬಾರ್‌ಗೆ ಏರಿಸಿದರೆ ಬಿಗಿತ ಒಂದೂವರೆ ಪಟ್ಟು, ಆವರ್ತನ ಸುಮಾರು 1.22 ಪಟ್ಟು. ಹೊಸ್ತಿಲು 48,000 ಇದ್ದದ್ದು 58,000–59,000ದ ಆಸುಪಾಸಿಗೆ ಬರುತ್ತದೆ. ಮೊದಲ ಪ್ರಶ್ನೆ ಕೇಳಿದವರಿಗೆ ಬೇಕಾದ 60,000 ಇದರಿಂದ ದಕ್ಕುವುದಿಲ್ಲ, ಆದರೆ ಹೊಸ್ತಿಲು ಒತ್ತಡದೊಂದಿಗೆ ಮೇಲೆ ಸರಿಯುತ್ತದೆಯೇ ಎಂದು ನೋಡುವುದು ರೋಗ ಖಚಿತಪಡಿಸಿಕೊಳ್ಳಲು ಒಳ್ಳೆಯ ಉಪಾಯ. ತಯಾರಕರು ನಮೂದಿಸಿದ ಗರಿಷ್ಠ ಒತ್ತಡವನ್ನು ಮೀರಕೂಡದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಕಂಪ್ರೆಸರ್ ಇಲ್ಲದೆಯೇ ಕೆಲಸ ಮಾಡುವ ಗಾಳಿ ಬೇರಿಂಗ್‌ಗಳು ವಿಮಾನಗಳಲ್ಲಿವೆ ಎಂದು ಕಾಲೇಜಿನಲ್ಲಿ ಕೇಳಿದೆ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆಯ ಹೆಲಿಕಾಪ್ಟರ್‌ಗಳ ರೋಟರ್ ಕೂಡ ಹಾಗೆಯೇ ತಿರುಗುತ್ತದೆಯೇ? ಅವುಗಳಲ್ಲಿ ಈ ಅಸ್ಥಿರತೆ ಬರುವುದಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಗುಬ್ಬಿ

ಉತ್ತರ: ಹೆಲಿಕಾಪ್ಟರ್‌ನ ರೋಟರ್ ಹೊರುವ ಭಾರವನ್ನು ಗಾಳಿಯ ಪದರ ತಾಳಲಾರದು, ಅಲ್ಲಿ ಎಣ್ಣೆಯುಣಿಸಿದ ಬಾಲ್ ಮತ್ತು ರೋಲರ್ ಬೇರಿಂಗ್‌ಗಳೇ ಬೇಕು. ನೀವು ಕೇಳಿದ್ದು ಪ್ರಯಾಣಿಕರ ವಿಮಾನಗಳ ಒಳಾಂಗಣಕ್ಕೆ ತಂಪು ಗಾಳಿ ಒದಗಿಸುವ ಪುಟ್ಟ ಟರ್ಬೈನ್ ಯಂತ್ರಗಳ ಬಗ್ಗೆ. 1970ರ ದಶಕದಿಂದ, ಡಿಸಿ-10 ವಿಮಾನದಿಂದ ಮೊದಲ್ಗೊಂಡು, ಅವುಗಳಲ್ಲಿ ಫಾಯಿಲ್ ಬೇರಿಂಗ್‌ಗಳು ಬಳಕೆಯಲ್ಲಿವೆ. ಶಾಫ್ಟ್ ತಿರುಗುವ ರಭಸಕ್ಕೇ ಗಾಳಿ ಸಂದಿಗೆ ಎಳೆದುಕೊಂಡು ಹೋಗಿ ಒತ್ತಡ ಹುಟ್ಟುತ್ತದೆ. ಗಾಳಿಯೂ ಹೀಗೆ ಶಾಫ್ಟನ್ನು ಹೊರಬಲ್ಲದೆಂದು ಎಂಜಿನಿಯರ್ ಆಲ್ಬರ್ಟ್ ಕಿಂಗ್ಸ್‌ಬರಿ 1897ರಲ್ಲಿಯೇ ಪ್ರಯೋಗ ಮಾಡಿ ಪ್ರಕಟಿಸಿದ್ದರು.

ಗಟ್ಟಿ ಗೋಡೆಯ ಬುಶ್‌ನಲ್ಲಿ ಇದೇ ಕ್ರಿಯೆ ಅಸ್ಥಿರತೆಗೆ ಸುಲಭವಾಗಿ ತುತ್ತಾಗುತ್ತದೆ. ಫಾಯಿಲ್ ಬೇರಿಂಗ್‌ನಲ್ಲಿ ಗೋಡೆಯ ಜಾಗದಲ್ಲಿ ತೆಳುವಾದ ಲೋಹದ ಹಾಳೆ, ಅದರ ಬೆನ್ನಿಗೆ ಅಲೆಯಲೆಯಾಗಿ ಮಡಿಸಿದ ಇನ್ನೊಂದು ಹಾಳೆ ಇರುತ್ತದೆ. ಶಾಫ್ಟ್ ಓಲಾಡಿದರೆ ಹಾಳೆ ಬಾಗಿ ಜಾಗ ಬಿಡುತ್ತದೆ, ಬಾಗುವಾಗ ಒಂದರ ಮೇಲೊಂದು ಉಜ್ಜಿಕೊಂಡು ಕಂಪನದ ಶಕ್ತಿಯನ್ನು ನುಂಗುತ್ತದೆ. ಓ-ರಿಂಗ್ ಮಾಡುವ ಕೆಲಸವನ್ನೇ ಇಲ್ಲಿ ಲೋಹ ಮಾಡುತ್ತದೆ, ರಬ್ಬರ್ ಸುಟ್ಟುಹೋಗುವ ಬಿಸಿಯಲ್ಲಿಯೂ ಮಾಡುತ್ತದೆ. ನಿಮಿಷಕ್ಕೆ 96,000 ಸುತ್ತು ತಿರುಗುವ ವಿದ್ಯುತ್ ಉತ್ಪಾದಕ ಮೈಕ್ರೋ ಟರ್ಬೈನ್‌ಗಳಿಗೂ ಇವೇ ಆಧಾರ. ಅಸ್ಥಿರತೆ ಬರುವುದೇ ಇಲ್ಲವೆಂದಲ್ಲ. ಬಂದರೂ ಹಾಳೆಯ ಶಮನ ಸಾಕಷ್ಟಿದ್ದರೆ ಸುಳಿಯ ವೃತ್ತ ಒಂದು ಮಿತಿಯಲ್ಲಿ ನಿಂತು ಶಾಫ್ಟ್ ಉಳಿದುಕೊಳ್ಳುತ್ತದೆ. ಇವುಗಳ ನಿಜವಾದ ದೌರ್ಬಲ್ಯ ಬೇರೆ: ಹೊರಡುವಾಗ ಮತ್ತು ನಿಲ್ಲುವಾಗ ವೇಗ ಕಡಿಮೆಯಿದ್ದು ಪದರ ಕಟ್ಟುವುದಿಲ್ಲ, ಶಾಫ್ಟ್ ಹಾಳೆಗೆ ಉಜ್ಜುತ್ತದೆ, ಅದಕ್ಕಾಗಿ ಹಾಳೆಯ ಮೇಲೆ ಜಾರು ಲೇಪನ ಇರಬೇಕಾಗುತ್ತದೆ.

ಇದರಲ್ಲಿ ಮುಂದೆ ಓದುವ ಆಸಕ್ತಿಯಿದ್ದರೆ ಟಿಲ್ಟಿಂಗ್ ಪ್ಯಾಡ್ ಬೇರಿಂಗನ್ನೂ ನೋಡಿ. ಗೋಡೆಯನ್ನು ತುಂಡುತುಂಡು ಮಾಡಿ ಪ್ರತಿ ತುಂಡೂ ತನ್ನ ಆಧಾರದ ಮೇಲೆ ತಾನೇ ವಾಲುವಂತೆ ಬಿಟ್ಟರೆ ಪಕ್ಕಕ್ಕೆ ನೂಕುವ ಬಲವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಶಮನ ಹೆಚ್ಚಿಸಿ ಕಾಯಿಲೆಯನ್ನು ಹಿಡಿತದಲ್ಲಿಡುವುದಕ್ಕಿಂತ ಅದರ ಮೂಲವನ್ನೇ ಕಡಿಯುವ ಈ ಮಾರ್ಗ ನನಗೆ ಹೆಚ್ಚು ಹಿಡಿಸುತ್ತದೆ, ತಯಾರಿಕೆ ಕಷ್ಟವಾದರೂ.

ಪ್ರಶ್ನೆ: ವಿದೇಶಿ ತಯಾರಕರ ಕೋಷ್ಟಕಗಳು ಸಮುದ್ರಮಟ್ಟಕ್ಕೆ ಬರೆದವು. ತುಮಕೂರಿನ ಎತ್ತರದಲ್ಲಿ ಅವನ್ನು ಹಾಗೆಯೇ ಬಳಸಬಹುದೇ?
— ಟೂಲ್ ರೂಮ್ ಮೇಲ್ವಿಚಾರಕರು, ತುಮಕೂರು

ಉತ್ತರ: ತುಮಕೂರು ಸುಮಾರು 820 ಮೀಟರ್ ಎತ್ತರದಲ್ಲಿದ್ದು ಇಲ್ಲಿ ವಾಯುಮಂಡಲದ ಒತ್ತಡ ಸುಮಾರು 92 ಕಿಲೋಪ್ಯಾಸ್ಕಲ್, ಸಮುದ್ರಮಟ್ಟದಲ್ಲಿ 101. ಹೊರಗಿನಿಂದ 5 ಬಾರ್ ಗಾಳಿ ಪಡೆಯುವ ಬೇರಿಂಗ್‌ಗೆ ಈ ವ್ಯತ್ಯಾಸ ಹೆಚ್ಚೇನೂ ಅಲ್ಲ. ಕಂಪ್ರೆಸರ್ ಮಾತ್ರ ಪ್ರತಿ ಹೊಡೆತಕ್ಕೆ ಒಳಗೆಳೆದುಕೊಳ್ಳುವ ಗಾಳಿಯ ತೂಕ ಶೇಕಡ 9ರಷ್ಟು ಕಡಿಮೆ, ಆದ್ದರಿಂದ ಸಾಮರ್ಥ್ಯ ಅಂಚಿನಲ್ಲಿದ್ದರೆ ಒತ್ತಡ ಆಗಾಗ ಕುಸಿಯಬಹುದು, ಕುಸಿದಾಗ ಅಸ್ಥಿರತೆಯ ಹೊಸ್ತಿಲೂ ಕೆಳಗಿಳಿಯುತ್ತದೆ. ಸ್ಪಿಂಡಲ್ ಪಕ್ಕದಲ್ಲೇ ಒಂದು ಗೇಜ್ ಇಟ್ಟು, ಒತ್ತಡ ಇಳಿದರೆ ಮೋಟಾರ್ ತಾನಾಗಿ ನಿಲ್ಲುವಂತೆ ಪ್ರೆಶರ್ ಸ್ವಿಚ್ ಹಾಕಿಸಿ. ತಾನೇ ಒತ್ತಡ ಹುಟ್ಟಿಸಿಕೊಳ್ಳುವ ಬೇರಿಂಗ್‌ಗಳ ಲೆಕ್ಕ ಬೇರೆ: ಅವುಗಳ ಪದರದ ಒತ್ತಡ ಸುತ್ತಲಿನ ಗಾಳಿಯ ಒತ್ತಡವನ್ನು ಆಧರಿಸಿರುವುದರಿಂದ, ಭಾರ ಹೊರುವ ಶಕ್ತಿಯಲ್ಲಿ ಶೇಕಡ 10ರಷ್ಟು ಕಳೆದು ಲೆಕ್ಕ ಹಾಕುವುದು ಕ್ಷೇಮ.

ಎತ್ತರಕ್ಕಿಂತ ಮಳೆಗಾಲದ ತೇವ ಹೆಚ್ಚು ಕೆಡಕು ಮಾಡುತ್ತದೆ. ಗಾಳಿ ಬರುವ ರಂಧ್ರಗಳ ವ್ಯಾಸ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು ಮಾತ್ರ. ಒಂದು ಹನಿ ನೀರು ಅಥವಾ ಕಂಪ್ರೆಸರ್ ಎಣ್ಣೆಯ ಜಿಡ್ಡು ಒಂದನ್ನು ಮುಚ್ಚಿದರೂ ಪದರ ಒಂದು ಕಡೆ ದುರ್ಬಲವಾಗುತ್ತದೆ. ಡ್ರೈಯರ್ ಮತ್ತು ಎಣ್ಣೆ ಹಿಡಿಯುವ ಸೂಕ್ಷ್ಮ ಫಿಲ್ಟರ್ ಇಲ್ಲದೆ ಗಾಳಿ ಬೇರಿಂಗ್ ನಡೆಸಬೇಡಿ, ಫಿಲ್ಟರ್‌ನ ಬಟ್ಟಲಿನಲ್ಲಿ ನಿಂತ ನೀರನ್ನು ಪ್ರತಿ ಪಾಳಿಯ ಆರಂಭದಲ್ಲಿ ತೆಗೆಸಿ.